ಬಾಯಿ ನೋಡಿ ಕೊಂಡ ಕತ್ತಿ

ನಾನು ಮೊದಲು ತರಿಸಿಕೊಂಡ ಚೌರದ ಕತ್ತಿಯಿಂದ ಒಂದು ದಿನವೂ ಗಡ್ಡ ಹೆರೆಯಲಾಗಲಿಲ್ಲ. ಆನ್‌ಲೈನಿನಲ್ಲಿ ಯಾರೋ ಮಾರುತ್ತಿದ್ದ ಹಳೆಯ ಕತ್ತಿ ಅದು. ಆಮೆಚಿಪ್ಪಿನಂತೆ ಕಂದು ಹಳದಿ ಮಚ್ಚೆಯ ಹಿಡಿ, ಅಲಗಿನ ಮೇಲೆ ಚಿನ್ನದ ಬಣ್ಣದ ಬಳ್ಳಿ. ಫೋಟೊ ನೋಡಿಯೇ ಮನಸ್ಸು ಸೋತು 40 ಯೂರೋ ಕೊಟ್ಟೆ. ಪೊಟ್ಟಣ ಬಿಚ್ಚಿದರೆ ಕರ್ಪೂರಕ್ಕೆ ಹುಳಿ ಬೆರೆತಂಥ ಘಾಟು. ಹಿಡಿ ಸೆಲ್ಯುಲಾಯ್ಡಿನದು. ಅದನ್ನು ಮಾಡುವುದೇ ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರ ಸೇರಿಸಿ. ಹಳತಾಗಿ ಕೆಡಲು ಶುರುವಾದರೆ ಆಮ್ಲದ ಹಬೆ ಬಿಡುತ್ತದೆ, ಮಡಚಿಟ್ಟ ಉಕ್ಕು ಆ ಹಬೆಯಲ್ಲೇ ಕೂತು ತುಕ್ಕು ಹಿಡಿಯುತ್ತದೆ. ಅಲಗಿನ ಬಾಯಿಯ ಉದ್ದಕ್ಕೂ ಸೂಜಿಮೊನೆಯಷ್ಟು ಗುಳಿಗಳಿದ್ದವು. ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದರೆ ಮೂರು ಕಡೆ ತಡೆಯಿತು.

ಆ ರಾತ್ರಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿ, "ಬಾಯಿ ನೋಡ್ದೇನೆ ಕತ್ತಿ ತಗಂಡ್ಯೇನಪ್ಪ?" ಅಂದ.

ಅಪ್ಪನ ಆ ಮಾತು ಬಂದದ್ದು ಚೌರದ ತಾತನಿಂದ. ತಿಪಟೂರಿನ ಹತ್ತಿರದ ನಮ್ಮೂರಿಗೆ ಹದಿನೈದು ದಿನಕ್ಕೊಮ್ಮೆ ಬೆಳಗಾಗುತ್ತಲೇ ಹಡಪ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಹೊಂಗೆ ಮರದ ಕೆಳಗೆ ಒಬ್ಬೊಬ್ಬರೇ ಹೋಗಿ ಕುಕ್ಕರಗಾಲಲ್ಲಿ ಕೂರಬೇಕು. ಕೈಗೆ ಕಾಸಿಲ್ಲ. ಸುಗ್ಗಿಯಲ್ಲಿ ಕಣದಿಂದ ರಾಗಿಯ ಆಯ, ಹಬ್ಬಕ್ಕೆ ಎರಡು ತೆಂಗಿನಕಾಯಿ. ನನಗೆ ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು ಅವರ ಎಡಗೈ. ಮಸೆಗಲ್ಲಿನ ಮೇಲೆ ನಾಲ್ಕು ಎಳೆತ, ತೊಗಲಿನ ತುಂಡಿನ ಮೇಲೆ ಹತ್ತು, ಕೊನೆಗೆ ಅಂಗೈಯನ್ನು ಚಾಚಿ ಅದರ ಮೇಲೆ ಕತ್ತಿಯನ್ನು ಹಿಂದಕ್ಕೂ ಮುಂದಕ್ಕೂ ಸವರುತ್ತಿದ್ದರು. ರಕ್ತ ಬಂದೀತು ಅಂತ ನಾವು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಒಂದು ದಿನವೂ ಬರಲಿಲ್ಲ.

ಈಗ ಅವರ ಮೊಮ್ಮಗ ತಿಪಟೂರಿನಲ್ಲಿ ಸಲೂನ್ ಇಟ್ಟಿದ್ದಾನೆ. ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ, ಒಬ್ಬರಾದ ಮೇಲೆ ಬ್ಲೇಡು ಬಿಸಾಡುತ್ತಾನೆ. ಏಡ್ಸ್ ಬಗ್ಗೆ ತಿಳಿವಳಿಕೆ ಹಬ್ಬಿದ ಮೇಲೆ ಬಂದ ಆ ಬದಲಾವಣೆ ಸರಿಯಾದದ್ದೇ. ಹತ್ತು ಕೆನ್ನೆಗೆ ಒಂದೇ ಕತ್ತಿ ಓಡಾಡಬಾರದು. ಆದರೆ ಒಬ್ಬನೇ ಮನುಷ್ಯ ತನ್ನ ಕೆನ್ನೆಗೆ ತನ್ನದೇ ಕತ್ತಿ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲವಲ್ಲ. ಆ ಆಸೆ ನನಗೆ ಬಹಳ ವರ್ಷದಿಂದ ಇತ್ತು. ಕೆಲಸಕ್ಕೆಂದು ಜರ್ಮನಿಯ ಕಲೋನ್‌ಗೆ ಬಂದ ಮೇಲೆ, ಕತ್ತಿಗೇ ಹೆಸರಾದ ಜೋಲಿಂಗನ್ ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ಕೂಡ ಇಲ್ಲ ಅಂತ ಗೊತ್ತಾಯಿತು. ಇಷ್ಟು ಹತ್ತಿರ ಇಟ್ಟುಕೊಂಡು ಫೋಟೊ ನೋಡಿ ಮೋಸಹೋದೆನಲ್ಲ ಅನ್ನಿಸಿ, ನವೆಂಬರಿನ ಒಂದು ಶನಿವಾರ ಹೊರಟೆ.

ಆ ಊರು 2012ರಿಂದ ಅಧಿಕೃತವಾಗಿಯೇ ತನ್ನನ್ನು 'ಕ್ಲಿಂಗನ್‌ಷ್ಟಾಟ್' ಅಂದರೆ ಅಲಗುಗಳ ಊರು ಅಂತ ಕರೆದುಕೊಳ್ಳುತ್ತದೆ. 1938ರಿಂದ 'ಜೋಲಿಂಗನ್' ಎಂಬ ಹೆಸರಿಗೆ ಕಾನೂನಿನ ಕಾವಲೂ ಇದೆ. ಮುಖ್ಯ ಕೆಲಸವೆಲ್ಲ ಆ ಸೀಮೆಯಲ್ಲೇ ನಡೆದಿದ್ದರೆ ಮಾತ್ರ ಅಲಗಿನ ಮೇಲೆ 'ಜೋಲಿಂಗನ್' ಅಂತ ಅಚ್ಚೊತ್ತಬಹುದು. ಮೊದಲು ಗ್ರೇಫ್ರಾಟ್ ಎಂಬ ಹಳೆ ಪೇಟೆಗೆ ಹೋದೆ. ಕಪ್ಪು ಕಲ್ಲುಹಲಗೆ ಹೊದಿಸಿದ ಗೋಡೆ, ಬಿಳಿ ಚೌಕಟ್ಟು, ಹಸಿರು ಕಿಟಕಿಬಾಗಿಲಿನ ಮನೆಗಳು. ಅಲ್ಲಿನ ಹಳೆಯ ಮಠದ ಕಟ್ಟಡದಲ್ಲಿ ಅಲಗಿನ ಮ್ಯೂಸಿಯಂ ಇದೆ. ಖಡ್ಗಗಳ ಮುಂದೆ ಜನ ನಿಂತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾಣೆ ಹಿಡಿಯುವವರ ಕಥೆ.

ವುಪ್ಪರ್ ನದಿಯ ದಡದಲ್ಲಿ, ಅದರ ತೊರೆಗಳ ಪಕ್ಕದಲ್ಲಿ ನೀರಿನ ಚಕ್ರದಿಂದ ತಿರುಗುವ ಸಾಣೆಮನೆಗಳಿದ್ದವು. ಆಳೆತ್ತರದ ಮರಳುಗಲ್ಲಿನ ಗಾಲಿಗಳು. ತಿರುಗುತ್ತಿರುವಾಗಲೇ ಗಾಲಿ ಸಿಡಿದು ಸತ್ತವರಿದ್ದಾರೆ. ಸಿಡಿಯದಿದ್ದರೂ ಕಲ್ಲಿನ ದೂಳು ಶ್ವಾಸಕೋಶಕ್ಕಿಳಿದು ಚಿಕ್ಕ ವಯಸ್ಸಿಗೇ ಹೋದವರು ಅದಕ್ಕಿಂತ ಹೆಚ್ಚು. ಸಾಣೆ ಹಿಡಿದ ಅಲಗುಗಳನ್ನು ಹೆಂಗಸರು ಬುಟ್ಟಿಯಲ್ಲಿ ತುಂಬಿ, ತಲೆ ಮೇಲೆ ಹೊತ್ತು, ಗುಡ್ಡ ಹತ್ತಿ ವ್ಯಾಪಾರಿಗಳಿಗೆ ಮುಟ್ಟಿಸುತ್ತಿದ್ದರು. ಬುಟ್ಟಿ ಹೊತ್ತ ಆ ಕತ್ತು ನೆಟ್ಟಗಿರುವ ರೀತಿ ನಮ್ಮ ತೋಟದ ದಾರಿಯಲ್ಲಿ ನಾನು ದಿನವೂ ನೋಡಿ ಬೆಳೆದದ್ದು. ಬಳ್ಳಿ ಚಿತ್ರದ ಕತ್ತಿಗೆ ಮರುಳಾದಾಗ ಈ ಯಾವ ಕೈಯೂ ನನಗೆ ಕಂಡಿರಲಿಲ್ಲ.

ಅಂಗಡಿ ಚಿಕ್ಕದು. ಗಲ್ಲಾಪೆಟ್ಟಿಗೆಯ ಹಿಂದೆ ಎಪ್ಪತ್ತು ದಾಟಿದ ಯಜಮಾನರು, ಒಳಗೋಣೆಯಲ್ಲಿ ಮಸೆಯುವ ಕಲ್ಲು, ಕತ್ತಿ ಸವರುವ ತೊಗಲಿನ ಪಟ್ಟಿ, ದೀಪ. ನನ್ನ ಕೈ ಹೋದದ್ದು ಮತ್ತೆ ಚೆಂದದ ಕಡೆಗೇ. ಕೊಂಬಿನ ಹಿಡಿ, 7/8 ಇಂಚಿನ ಅಗಲದ ಅಲಗು, ಚೌಕ ಮೂತಿ. ಅವರು ಕೇಳಿದರು, "ಎಷ್ಟು ವರ್ಷದಿಂದ ಕತ್ತಿ ಹಿಡಿದಿದ್ದೀರಿ?" ಇನ್ನೂ ಶುರುಮಾಡಿಲ್ಲ ಅಂದೆ. ಅದನ್ನು ನನ್ನ ಕೈಯಿಂದ ಮೃದುವಾಗಿ ತೆಗೆದುಕೊಂಡು ಕಪಾಟಿನಲ್ಲಿಟ್ಟು, ಕಪ್ಪು ಪ್ಲಾಸ್ಟಿಕ್ ಹಿಡಿಯ ಒಂದು ಸಾದಾ ಕತ್ತಿ ಮುಂದಿಟ್ಟರು. 5/8 ಇಂಚು, ಅಂದರೆ ಸುಮಾರು 16 ಮಿಲಿಮೀಟರ್ ಅಗಲ. ಮೂತಿ ದುಂಡಗೆ.

ಮೂತಿ ಯಾಕೆ ದುಂಡಗಿರಬೇಕು ಅನ್ನುವುದನ್ನು ಅವರು ಬಾಯಲ್ಲಿ ಹೇಳಲಿಲ್ಲ. ತಮ್ಮ ಕಿವಿಯ ಹಾಲೆ, ತುಟಿಯ ಮೂಲೆ, ಮೂಗಿನ ಬುಡ ಮೂರನ್ನೂ ಬೆರಳಿನಿಂದ ಮುಟ್ಟಿ ತೋರಿಸಿದರು. ಕೈ ಪಳಗದವನ ಚೌಕ ಮೂತಿ ಕಚ್ಚುವುದು ಈ ಮೂರು ಜಾಗದಲ್ಲೇ. ಅಗಲದ ಅಲಗು ನೊರೆಯನ್ನೇನೋ ಚೆನ್ನಾಗಿ ಹೊರುತ್ತದೆ, ಮೂಗಿನ ಕೆಳಗೆ ಮಾತ್ರ ತಿರುಗುವುದಿಲ್ಲ.

ಆಮೇಲೆ ಅಲಗಿನ ಹೊಟ್ಟೆಯ ಮಾತು. ಎರಡು ಪಕ್ಕವನ್ನೂ ಸಾಣೆಗಾಲಿಯಲ್ಲಿ ಪೂರ್ತಿ ತೋಡಿದರೆ ಅಲಗು ಕಾಗದದಷ್ಟು ತೆಳುವಾಗಿ, ಕೂದಲು ಹೆರೆಯುವಾಗ ಸಣ್ಣಗೆ ಹಾಡುತ್ತದೆ. ಇಂಗ್ಲೆಂಡಿನ ಹಳೆಯ ಶೆಫೀಲ್ಡ್ ಕತ್ತಿಗಳು ಅದಕ್ಕೆ ತಿರುಗುಮುರುಗು, ಬೆಣೆಯಂತೆ ದಪ್ಪ, ಹಾಡುವುದೇ ಇಲ್ಲ. ನನ್ನ ಗಲ್ಲ ನೋಡಿ, "ನಿಮ್ಮದು ತಂತಿಯಂಥ ಗಡ್ಡ, ಅರ್ಧ ತೋಡಿದ್ದು ತಗೊಳ್ಳಿ, ಅಲಗು ಬಾಗುವುದಿಲ್ಲ" ಅಂದರು. ಉಕ್ಕಿನ ವಿಷಯಕ್ಕೆ ಬಂದಾಗ ನನ್ನ ಬಚ್ಚಲಿಗೆ ಕಿಟಕಿ ಇದೆಯೇ ಅಂತ ವಿಚಾರಿಸಿದರು. ಇಲ್ಲ ಅಂದೆ. ಕಾರ್ಬನ್ ಉಕ್ಕು ಕಲ್ಲಿಗೆ ಬೇಗ ಒಗ್ಗುತ್ತದೆ, ತೇವಕ್ಕೆ ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ತಡೆದುಕೊಳ್ಳುತ್ತದೆ, ಮಸೆಯಲು ತಾಳ್ಮೆ ಬೇಕು. ಕತ್ತಿಯನ್ನು ಬಚ್ಚಲಲ್ಲಿ ಇಡುವುದಿಲ್ಲ ಅಂತ ಮಾತು ಕೊಟ್ಟು ಕಾರ್ಬನ್ ಉಕ್ಕಿನದನ್ನೇ ಆರಿಸಿಕೊಂಡೆ.

ಮಡಚಿ ನೋಡಲು ಹೇಳಿದರು. ಅಲಗು ಹಿಡಿಯ ಎರಡು ಪಕ್ಕೆಗೂ ತಾಗದೆ ನಡುವೆ ಇಳಿಯಬೇಕು. ಬಿಚ್ಚಿ, ದೀಪದ ಕೆಳಗೆ ಬಾಯಿಯನ್ನು ಮೇಲೆ ಮಾಡಿ ಹಿಡಿದರು. ಮೊಂಡಾಗಿದ್ದರೆ ಆ ಅಂಚಿನಲ್ಲಿ ಬೆಳ್ಳಿ ಗೆರೆಯೊಂದು ಹೊಳೆಯುತ್ತದಂತೆ. ನಾನು ನೋಡಿದಾಗ ಅಲ್ಲಿ ಹೊಳಪೇ ಇರಲಿಲ್ಲ, ಬೆಳಕು ಕೂರಲು ಜಾಗವೇ ಇಲ್ಲದಷ್ಟು ಸಣ್ಣ ಅಂಚು. ನನ್ನದೇ ತಲೆಯ ಒಂದು ಕೂದಲು ಕಿತ್ತು ಜೋತುಬಿಟ್ಟು ಬಾಯಿಗೆ ತಾಗಿಸಿದರು. ಸದ್ದಿಲ್ಲದೆ ಎರಡಾಯಿತು. ಹೊಸ ಕತ್ತಿಯೆಂದರೆ ಹರಿತ ಇದ್ದೇ ಇರುತ್ತದೆ ಅಂತ ನಂಬಬೇಡಿ, ಕೊನೆಯ ಮಸೆತ ಯಾರು ಮಾಡಿದರು ಅಂತ ಕೇಳಿ ಕೊಳ್ಳಿ, ಇದನ್ನು ನಾನೇ ಮಸೆದಿದ್ದೇನೆ, ಅಂದರು. ಅಪ್ಪ ಕೇಳಿದ ಪ್ರಶ್ನೆಯನ್ನೇ ಅವರು ಜರ್ಮನ್ ಭಾಷೆಯಲ್ಲಿ ಹೇಳುತ್ತಿದ್ದರು.

ಕಲ್ಲನ್ನೂ ಕೊಡಿ ಅಂದೆ, ಕೊಡಲಿಲ್ಲ. "ಈಗ ಪಟ್ಟಿ ಸಾಕು. ಆರು ತಿಂಗಳ ಮೇಲೆ ಕೂದಲು ಹಿಡಿದು ಎಳೆಯಲು ಶುರುವಾದರೆ ಕತ್ತಿ ಇಲ್ಲಿಗೆ ತನ್ನಿ. ಕಲ್ಲು ಆಮೇಲೆ ಕಲಿಯಬಹುದು." ಒಂದು ಮಾರಾಟ ಕೈಬಿಟ್ಟು ಹೇಳಿದ ಆ ಮಾತಿಗೆ ನನಗೆ ಅವರ ಮೇಲೆ ಗೌರವ ಇಮ್ಮಡಿಯಾಯಿತು. ಪಟ್ಟಿಯ ಒಂದು ಮೈ ಲಿನನ್ ಬಟ್ಟೆ, ಇನ್ನೊಂದು ಮೈ ತೊಗಲು. ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆ ಮುಟ್ಟಿದಾಗ ಬೆನ್ನಿನ ಮೇಲೇ ಹೊರಳಿಸಬೇಕು, ಬಾಯಿಯ ಮೇಲೆ ಹೊರಳಿಸಿದರೆ ತೊಗಲು ಹರಿಯುತ್ತದೆ. ಬಟ್ಟೆಯ ಮೇಲೆ ಇಪ್ಪತ್ತು, ತೊಗಲಿನ ಮೇಲೆ ಐವತ್ತು ಎಳೆತ ಎಣಿಸಿ ತೋರಿಸಿದರು. ಅದು ಮುಗಿದ ಮೇಲೆ ಎಡಗೈ ಚಾಚಿ, ಅಂಗೈ ಬಿಗಿಮಾಡಿ, ಅದರ ಮೇಲೆ ಕತ್ತಿಯನ್ನು ಹಿಂದಕ್ಕೂ ಮುಂದಕ್ಕೂ ಎಂಟು ಸಲ ಸವರಿದರು.

ನಾನು ಉಸಿರು ಬಿಗಿಹಿಡಿದದ್ದು ಅವರಿಗೆ ಕಂಡಿತು. ನಮ್ಮೂರಲ್ಲೂ ಒಬ್ಬರು ಹೀಗೇ ಮಾಡುತ್ತಿದ್ದರು ಅಂತ ನನಗೆ ಬಂದಷ್ಟು ಜರ್ಮನ್‌ನಲ್ಲಿ ಹೇಳಿದೆ. ಅವರು ತಲೆಯಾಡಿಸಿ ಕತ್ತಿ ಒರೆಸಿ ಮಡಚಿದರು. ಕತ್ತಿಗೆ 140, ಪಟ್ಟಿಗೆ 35 ಯೂರೋ ಕೊಟ್ಟು ಹೊರಬಂದಾಗ ಕಣ್ಣು ತುಂಬಿತ್ತು.

ಭಾನುವಾರ ಬಿಸಿನೀರಿನ ಸ್ನಾನ ಮಾಡಿ, ಬ್ರಷ್ಷಿನಿಂದ ಗಟ್ಟಿ ನೊರೆ ಎಬ್ಬಿಸಿ ಹಚ್ಚಿಕೊಂಡೆ. ಮೊದಲ ವಾರ ಕೆನ್ನೆ ಎರಡೇ, ಗಲ್ಲಕ್ಕೂ ಗಂಟಲಿಗೂ ಹಳೆಯ ರೇಜರ್, ಅದು ಯಜಮಾನರ ಅಪ್ಪಣೆ. ಎಡಗೈಯಿಂದ ಕಿವಿಯ ಪಕ್ಕದ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದು, ಅಲಗನ್ನು 30 ಡಿಗ್ರಿಯಷ್ಟು ಓರೆಯಿಟ್ಟು, ಕೂದಲು ಇಳಿದ ಕಡೆಗೇ ಅದನ್ನೂ ಇಳಿಸಿದೆ. ಸರಕ್ ಎಂದು ಸಣ್ಣ ಸದ್ದು. ಒತ್ತಲೇ ಇಲ್ಲ, ಒತ್ತುವ ಅಗತ್ಯವೇ ಬೀಳಲಿಲ್ಲ. ನೊರೆ ಸರಿದ ಜಾಗಕ್ಕೆ ಬೆರಳಿಟ್ಟರೆ ಬಾಲ್ಯದಲ್ಲಿ ಅಪ್ಪನ ಕೆನ್ನೆ ಮುಟ್ಟಿದ ಹಾಗಿತ್ತು. ಬಲಗೆನ್ನೆ ಸಲೀಸು. ಎಡಗೆನ್ನೆಗೆ ಕೈ ಮೂಗನ್ನು ದಾಟಿ ಬರಬೇಕು, ಅಲ್ಲಿ ಓರೆ ತಪ್ಪಿ ದವಡೆಯ ಮೂಲೆಯಲ್ಲಿ ಒಂದು ಹನಿ ರಕ್ತ ಬಂತು. ಪಟಿಕ ತೇವ ಮಾಡಿ ಒತ್ತಿದೆ, ನಿಂತಿತು. ಮೂರನೆಯ ದಿನ ಆತುರಕ್ಕೆ ಪಟ್ಟಿಯ ಮೇಲೆ ಬಾಯಿ ಕೆಳಗಾಗಿ ಹೊರಳಿಸಿ ತೊಗಲಿಗೆ ಗೀರು ಬಿತ್ತು. ಆ ಗೀರು ಈಗಲೂ ಇದೆ. ಅವತ್ತಿನಿಂದ ಎಣಿಸಿಯೇ ಎಳೆಯುತ್ತೇನೆ.

ಮೊದಲ ದಿನ ಒರೆಸಿ ಒಣಗಿಸಿದ ಕತ್ತಿಯನ್ನು ಅಪ್ಪನಿಗೆ ತೋರಿಸಿದೆ. ಬಾಯಿಯನ್ನು ಕ್ಯಾಮರಾದ ಹತ್ತಿರ ಹಿಡಿಯಲು ಹೇಳಿ ಬಹಳ ಹೊತ್ತು ನೋಡಿದ.

"ಒಂದ್ ತೊಟ್ಟು ಕೊಬ್ರಿ ಎಣ್ಣೆ ಸವರಿಡು. ತಾತ ಹಂಗೇ ಇಡ್ತಿದ್ರು."

ಊರಿಂದ ಅಮ್ಮ ಕಳಿಸಿದ್ದ ಎಣ್ಣೆಯ ಬಾಟಲಿ ಅಡುಗೆಮನೆಯ ಕಿಟಕಿಯ ಬಳಿ ಇತ್ತು. ಚಳಿಗೆ ಒಳಗೆಲ್ಲ ಬೆಣ್ಣೆಯಂತೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಕಡ್ಡಿಯಲ್ಲಿ ಚೂರು ತೆಗೆದು ಅಂಗೈಯಲ್ಲಿಟ್ಟು ಮುಚ್ಚಿಕೊಂಡೆ. ಕರಗುವವರೆಗೆ ಅಪ್ಪ ಫೋನಿನಲ್ಲೇ ಕಾಯುತ್ತಿದ್ದ.