ಶಂಕರಪುರದ ನಾರು, ಕೋಡಿಬೆಂಗ್ರೆಯ ಮೀನು

ಆಗುಂಬೆ ಘಾಟಿಯ 14 ತಿರುವುಗಳನ್ನು ಮಿನಿಬಸ್ಸು ಇಳಿಯುತ್ತಿದ್ದಾಗ ನನ್ನ ತೊಡೆಯ ಮೇಲೊಂದು ಸ್ಟೀಲ್ ಡಬ್ಬಿ ಇತ್ತು. ಒಳಗೆ ಗಾಳವನ್ನು ಬಿಗಿಹಿಡಿಯುವ ಪುಟ್ಟ ವೈಸು, ನೂಲಿನ ಉಂಡೆ, ಕತ್ತರಿ, ತುಕ್ಕು ಹಿಡಿಯದ ಒಂದಷ್ಟು ಗಾಳ. ಗರಿ, ಕೂದಲು ಯಾವುದನ್ನೂ ಬೇಕೆಂದೇ ತಂದಿರಲಿಲ್ಲ. ಉಡುಪಿಯಲ್ಲಿ ಸಿಕ್ಕಿದ್ದರಿಂದಲೇ ಫ್ಲೈ ಕಟ್ಟಬೇಕು, ಸೀತಾನದಿ ಸಮುದ್ರ ಸೇರುವಲ್ಲಿ ಅದನ್ನು ಬೀಸಬೇಕು. ಮೂರು ದಿನದ ತಿರುಗಾಟಕ್ಕೆ ಇದ್ದ ಆಸೆ ಅಷ್ಟೇ.

ಫ್ಲೈ ಅಂದರೆ ಗಾಳಕ್ಕೆ ಗರಿ, ನೂಲು ಸುತ್ತಿ ಮಾಡಿದ ಹುಳುವೋ ಮರಿಮೀನೋ. ಮಾಮೂಲಿ ಗಾಳದಲ್ಲಿ ತುದಿಗೆ ಕಟ್ಟಿದ ತೂಕ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ದಾರವೇ ದಪ್ಪ, ಅದೇ ತೂಕ. ಹಗುರವಾದ ಫ್ಲೈ ಅದರ ಹಿಂದೆ ಹಾರಿ ಹೋಗುತ್ತದೆ. ಹಾಗಾಗಿ ಏನನ್ನು ಬೇಕಾದರೂ ಕಟ್ಟಿ ನೋಡಬಹುದು. ಈ ಸ್ವಾತಂತ್ರ್ಯಕ್ಕೇ ನಾನು ಇದರ ಹಿಂದೆ ಬಿದ್ದದ್ದು.

ಸೋಮೇಶ್ವರ ದಾಟಿದ ಮೇಲೆ ಕಾಡುಕೋಳಿಯ ಹುಂಜವೊಂದು ರಸ್ತೆಯಂಚಿನಲ್ಲಿ ಕೆದಕುತ್ತಿತ್ತು. ಅದರ ಕುತ್ತಿಗೆಯ ಗರಿಗಳಲ್ಲಿ ಕರಗಿದ ಮೇಣ ತೊಟ್ಟಿಕ್ಕಿದಂಥ ಚುಕ್ಕೆಗಳಿರುತ್ತವೆ. 19ನೇ ಶತಮಾನದ ಬ್ರಿಟನ್ನಿನಲ್ಲಿ ಸಾಲ್ಮನ್ ಮೀನಿಗೆ ಕಟ್ಟುತ್ತಿದ್ದ ಬಣ್ಣಬಣ್ಣದ ಫ್ಲೈಗಳಿಗೆ ಈ ಚುಕ್ಕೆಯ ಗರಿ ಬಹಳ ಬೇಕಾದ ಅಲಂಕಾರ. ನಮ್ಮ ಘಟ್ಟದ ಹಕ್ಕಿ ಅದಕ್ಕಾಗಿ ಎಷ್ಟು ಸತ್ತಿತೋ! ಈಗ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹುಂಜ ಪೊದೆಗೆ ನುಗ್ಗುವವರೆಗೂ ಕತ್ತು ತಿರುಗಿಸಿ ನೋಡಿದೆ.

ಗೆಳೆಯನ ಮನೆ ಉಡುಪಿ ಬಳಿಯ ಶಂಕರಪುರದಲ್ಲಿ. ನಾನು ಹೋಗುವಷ್ಟರಲ್ಲಿ ಅವನ ಅಮ್ಮ ಜಗಲಿಯಲ್ಲಿ ಕೂತು ಬೆಳಿಗ್ಗೆ ಕೊಯ್ದ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದರು. ಇಲ್ಲಿ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟುವುದು ನೆನೆಸಿದ ಬಾಳೆನಾರಿನಲ್ಲಿ. ನಾನು ಪಕ್ಕದಲ್ಲೇ ಬೆಂಚಿಗೆ ವೈಸು ಬಿಗಿದು ಕೂತೆ.

ಮೊದಲನೆಯದು ಹಿತ್ತಲ ಹುಂಜದ ಉದುರಿದ ಎರಡು ಕೆಂಪು ಗರಿ, ಜೊತೆಗೆ ರಥಬೀದಿಯ ಅಂಗಡಿಯಿಂದ ತಂದ ಜರಿ ಎರಡೆಳೆ. ಎರಡನೆಯದು ತೆಂಗಿನ ನಾರು ಸುತ್ತಿದ ಎಟ್ಟಿ, ಅಂದರೆ ಸೀಗಡಿ. ಒಣ ನಾರಿನ ಬಣ್ಣ ಥೇಟ್ ಒಣ ಎಟ್ಟಿಯದ್ದೇ. ಮೂರನೆಯದಕ್ಕೆ ಅಮ್ಮನ ಬೋಗುಣಿಯಿಂದ ಒಂದು ಬಾಳೆನಾರು ತೆಗೆದು, ಸೂಜಿಯಿಂದ ಕೂದಲಿನಷ್ಟು ಸಣ್ಣಗೆ ಸೀಳಿದೆ. ಬೆಳಕಿಗೆ ಹಿಡಿದರೆ ತಿಳಿಜೇನಿನ ಬಣ್ಣ, ಆಚೆಗಿನ ಬೆರಳು ಮಸುಕಾಗಿ ಕಾಣುತ್ತಿತ್ತು. ಮರಿಮೀನಿನ ಮೈಯೂ ಹೀಗೇ ಅಲ್ಲವೇ?

ಕೀಚೈನಿನ ಗುಂಡುಸರದಿಂದ ಎರಡು ಗುಂಡು ಕತ್ತರಿಸಿ ಕಣ್ಣಾಗಿ ಕಟ್ಟಿದೆ. 1980ರ ದಶಕದಲ್ಲಿ ಅಮೆರಿಕದ ಬಾಬ್ ಕ್ಲೌಸರ್ ಹೆಸರು ಮಾಡಿದ್ದು ಇಂಥದೇ ಉಪಾಯದಿಂದ: ಭಾರದ ಕಣ್ಣನ್ನು ಗಾಳದ ಬೆನ್ನಿಗೆ ಕಟ್ಟಿದರೆ ನೀರಿನಲ್ಲಿ ಅದು ಮಗುಚಿ ಮೊನೆ ಮೇಲಾಗುತ್ತದೆ, ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಆದರೆ ಮಧ್ಯಾಹ್ನ ಒಣಗಿದ ಮೇಲೆ ಎಳೆದು ನೋಡಿದರೆ ನಾರು ಪೂರ್ತಿ ಜಾರಿ ಕೈಗೆ ಬಂತು.

“ಅದು ಎಂತ ಮಗಾ?” ಅಮ್ಮ ಕೇಳಿದರು. ತೋರಿಸಿದೆ.

“ಒದ್ದೆ ನಾರು ಒಣಗಿದ ಮೇಲೆ ಸಪೂರ ಆಗ್ತದೆ. ಬಿಗಿದು ಕಟ್ಟಿದ್ದು ನಿಲ್ಲುದಿಲ್ಲ. ಹಿಂದೆ ಮಡಚಬೇಕು.”

ಹೂವಿನ ತೊಟ್ಟಿಗೆ ಅವರು ನಾರನ್ನು ಸುತ್ತಿ, ಅದೇ ನಾರಿನ ಸುರುಳಿಯೊಳಗೆ ತೂರಿಸುವುದನ್ನು ನಿಧಾನವಾಗಿ ಮಾಡಿ ತೋರಿಸಿದರು. ನಾನು ನಾರಿನ ನಡುಭಾಗಕ್ಕೆ ನೂಲು ಸುತ್ತಿ, ಮುಂದೆ ಉಳಿದ ಅರ್ಧವನ್ನು ಹಿಂದಕ್ಕೆ ಮಡಚಿ ಮತ್ತೆ ಸುತ್ತಿದೆ. ರಾತ್ರಿ ಒಣಗಿದ ಮೇಲೆ ಇಕ್ಕಳದಲ್ಲಿ ಎಳೆದೆ. ಅಲುಗಲಿಲ್ಲ! ಐದು ವರ್ಷದಿಂದ ಫ್ಲೈ ಕಟ್ಟುತ್ತಿದ್ದೇನೆ, ಇಷ್ಟು ಖುಷಿ ಕೊಟ್ಟ ಗಂಟು ಇನ್ನೊಂದಿಲ್ಲ.

ಮರುದಿನ ನಸುಕಿಗೆ ಗೆಳೆಯನ ಬೈಕಿನಲ್ಲಿ ಕೆಮ್ಮಣ್ಣು, ಹೂಡೆ ದಾಟಿ ಕೋಡಿಬೆಂಗ್ರೆ. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ರಸ್ತೆ ಮತ್ತು ಒಂದು ಸಾಲು ಮನೆ. ತುದಿಯಲ್ಲಿ ಸೀತೆಯೂ ಸುವರ್ಣೆಯೂ ಕೂಡಿ ಕಡಲಿಗೆ ಬೀಳುತ್ತವೆ. ಘಟ್ಟದ ಬುಡದಲ್ಲಿ ಬಂಡೆಗಳ ನಡುವೆ ಹರಿಯುತ್ತಿದ್ದ ಹೊಳೆ ಇಲ್ಲಿ ಕಣ್ಣಿಗೆ ನಿಲುಕದಷ್ಟು ಅಗಲ. ಆಚೆ ದಡದಲ್ಲಿ ಹಂಗಾರಕಟ್ಟೆ.

ಇಳಿತದ ಹೊತ್ತು. ಹುಂಜದ ಗರಿ ನೀರಿನಲ್ಲಿ ಗಿರಗಿರನೆ ತಿರುಗಿ ದಾರವನ್ನೇ ಹುರಿಗೊಳಿಸಿತು. ಎರಡು ಗರಿಯ ಬಾಗು ಒಂದಕ್ಕೊಂದು ಸರಿಹೊಂದಿರಲಿಲ್ಲ. ತೆಂಗಿನ ನಾರಿನ ಎಟ್ಟಿ ಗಾಳಿಯನ್ನು ಒಳಗೆ ಹಿಡಿದುಕೊಂಡು ತೇಲಿತು, ಮುಳುಗಲು ಒಪ್ಪಲಿಲ್ಲ. ಬಾಳೆನಾರಿನದು ನೆನೆದ ಕೂಡಲೇ ಎಳೆಗಳೆಲ್ಲ ಒತ್ತಾಗಿ ಸೇರಿ ಚೂಪಾದ ಮೀನಾಯಿತು. ದಾರ ಎಳೆದರೆ ಮೇಲೆ, ಬಿಟ್ಟರೆ ತಲೆ ತಗ್ಗಿಸಿ ಕೆಳಗೆ. ಮೀನು ಕಚ್ಚದಿದ್ದರೂ ಪರವಾಗಿಲ್ಲ, ಕಾಲ ಬುಡದ ತಿಳಿನೀರಿನಲ್ಲಿ ಅದನ್ನು ಆಡಿಸಿಕೊಂಡೇ ಹೊತ್ತು ಕಳೆಯಬಹುದಿತ್ತು.

ಒಳಹೊಳೆಯ ಕಡೆ ಕಲ್ಲುಗಳ ನೆರಳಿಗೆ ಬೀಸಿದೆ. ಮೂರನೇ ಎಳೆತಕ್ಕೆ ರಾಡು ಬಾಗಿತು. ಕೆಂಬೇರಿ! ಅಂಗೈಗಿಂತ ಸ್ವಲ್ಪ ಉದ್ದ, ತಾಮ್ರದ ಬಣ್ಣ, ಮೇಲ್ದವಡೆಯಲ್ಲಿ ಎರಡು ಕೋರೆಹಲ್ಲು. ಗಾಳ ಬಿಡಿಸಿ ನೀರಿಗೆ ಬಿಟ್ಟೆ. ನೇರ ಅದೇ ಕಲ್ಲಿನ ಸಂದಿಗೆ ಹೋಯಿತು.

ಸಂಜೆ ಅಮ್ಮನ ಕೈಗೆ ಆ ಫ್ಲೈ ಕೊಟ್ಟೆ. ಅರ್ಧದಷ್ಟು ಎಳೆಗಳು ಹಲ್ಲಿಗೆ ತುಂಡಾಗಿದ್ದವು. ಅವರು ಕನ್ನಡಕ ಹಾಕಿಕೊಂಡು ಬುಡವನ್ನೇ ಹಿಡಿದು ನೋಡಿದರು. “ಗಂಟು ಹೋಗ್ಲಿಲ್ಲ ಅಲ್ವಾ,” ಅಂದರು.

ಹೊರಡುವಾಗ ಹಳೆ ಪೇಪರಿನಲ್ಲಿ ಸುತ್ತಿದ ನಾರಿನ ಕಟ್ಟೊಂದು ಕೊಟ್ಟರು. “ಒಣಗಿಸಿ ಇಡು. ಬೇಕಾದಾಗ ಬೇಕಾದಷ್ಟೇ ನೆನೆಸು.”