ಹಂಪಿ ಇಲ್ಲೇ ಇರುವಾಗ ಯುರೋಪಿನ ಪುರಾತತ್ವ ಯಾಕೆ?

ನಾನು ಬ್ರಿಟನ್‌ನಲ್ಲಿ ಯುರೋಪಿನ ಪುರಾತತ್ವದಲ್ಲಿ ಸ್ನಾತಕೋತ್ತರ ಮಾಡಿದ್ದು ಅಂದರೆ ಸಾಕು, ಮೇಲಿನ ಪ್ರಶ್ನೆ ಬಂದೇ ಬರುತ್ತದೆ. ಇತಿಹಾಸದಲ್ಲಿ ಬಿ.ಎ. ಮುಗಿಸಿದವರಾದರೆ ಜೊತೆಗೆ ಇನ್ನೊಂದು: "ನಾವೂ ಹೋಗಬಹುದಾ ಮೇಡಂ?"

ಹಂಪಿಯ ಮೇಲೆ ಕೆಲಸ ಮಾಡುವ ಆಸೆ ಇದ್ದರೆ ಹೋಗಬೇಡಿ. ನಿಮಗೆ ಬೇಕಾದ್ದು ಶಾಸನ ಓದುವ ಅಭ್ಯಾಸ, ನಡುಗನ್ನಡ, ಇಲ್ಲಿನ ನೆಲದ ಪರಿಚಯ. ಅದನ್ನು ಈ ಕೋರ್ಸ್‌ನಲ್ಲಿ ಯಾರೂ ಕಲಿಸುವುದಿಲ್ಲ. ಪುಣೆಯ ಡೆಕ್ಕನ್ ಕಾಲೇಜು ವಾಸಿ, ಖರ್ಚೂ ಕಡಿಮೆ.

ನನ್ನನ್ನು ಎಳೆದದ್ದು ಒಂದು ಕಾಲುದಾರಿ. ಇಂಗ್ಲೆಂಡಿನ ಸಾಮರ್‌ಸೆಟ್‌ನ ಜೌಗು ನೆಲದಲ್ಲಿ 1970ರಲ್ಲಿ ಪೀಟ್ ಅಗೆಯುತ್ತಿದ್ದ ರೇ ಸ್ವೀಟ್ ಅವರಿಗೆ ಹಳೆಯ ಹಲಗೆ ಸಿಕ್ಕಿತು. ಪೀಟ್ ಅಂದರೆ ಸತ್ತ ಗಿಡಗಳು ಅರೆಬರೆ ಕೊಳೆತು ಆದ ಕಪ್ಪು ಮಣ್ಣು, ಒಣಗಿಸಿ ಉರಿಸುತ್ತಾರೆ. ಅಗೆದು ನೋಡಿದರೆ ಜೌಗು ದಾಟಲು ಮಾಡಿದ, ಸುಮಾರು 2 ಕಿ.ಮೀ. ಉದ್ದದ ಹಲಗೆ ದಾರಿ! ನೀರು ತುಂಬಿದ ಪೀಟ್‌ನಲ್ಲಿ ಗಾಳಿ ಆಡುವುದಿಲ್ಲ, ಅದಕ್ಕೇ ಮರ ಉಳಿದಿತ್ತು. ಓಕ್ ಮರದಲ್ಲಿ ವರ್ಷಕ್ಕೊಂದರಂತೆ ಬೆಳೆಯುವ ಉಂಗುರಗಳನ್ನು ಹೋಲಿಸಿ, ಅದನ್ನು ಕಡಿದದ್ದು ಕ್ರಿ.ಪೂ. 3807ರ ಚಳಿಗಾಲ ಅಥವಾ 3806ರ ವಸಂತದಲ್ಲಿ ಅಂತ ಲೆಕ್ಕ ಹಾಕಿದ್ದಾರೆ. ಬರವಣಿಗೆಯೇ ಇಲ್ಲದ ಕಾಲಕ್ಕೆ ಇಷ್ಟು ಖಚಿತ ದಿನಾಂಕ! ಪಕ್ಕದಲ್ಲೇ ಒಂದು ಹಸಿರು ಕಲ್ಲಿನ ಕೊಡಲಿಯೂ ಸಿಕ್ಕಿತು. ಕಲ್ಲು ಆಲ್ಪ್ಸ್ ಪರ್ವತದ್ದು. ಆಗಲೇ ಬ್ರಿಟನ್ ದ್ವೀಪವಾಗಿತ್ತು, ಅಂದರೆ ಅದು ಸಮುದ್ರ ದಾಟಿ ಬಂದಿದೆ. ಇಂಥ ಕತೆ ಓದಿ ನಿದ್ದೆ ಕೆಡುವುದಾದರೆ ಈ ಓದು ನಿಮ್ಮದು.

ಕಲಿತದ್ದು ಊರಿಗೆ ಬರುವುದಿಲ್ಲ ಅಂತಲೂ ಅಲ್ಲ. ಇಂಗ್ಲೆಂಡಿನ ಮೇಡನ್ ಕ್ಯಾಸಲ್ ಎಂಬ ಪುರಾತನ ಗುಡ್ಡದ ಕೋಟೆ ಅಗೆದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನೂ ಪದರ ಪದರವಾಗಿ ಅಗೆದರು. ನನಗೆ ಅದಕ್ಕಿಂತ ಇಷ್ಟವಾದದ್ದು ಬೀಜದ ಕೆಲಸ. ಅಗೆದ ಮಣ್ಣನ್ನು ನೀರಿಗೆ ಹಾಕಿದರೆ, ಅಕ್ಕಿ ತೊಳೆಯುವಾಗ ಹೊಟ್ಟು ತೇಲುವ ಹಾಗೆ, ಸುಟ್ಟು ಕರಿಯಾದ ಕಾಳುಗಳು ಮೇಲೆ ಬರುತ್ತವೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಹೀಗೇ ಸಿಕ್ಕವು ಹುರುಳಿ, ಹೆಸರು, ಕೊರಲೆ. ಬೀಜ, ಮೂಳೆ, ಪರಾಗ ಓದಲು ಕಲಿತವರಿಗೆ ಎರಡೂ ಕಡೆ ಕೆಲಸವಿದೆ. ಬರೀ ಮ್ಯೂಸಿಯಂ ಸುತ್ತಿ ಬಂದವರಿಗೆ ಕಷ್ಟ.

ಅಲ್ಲೇ ಕೆಲಸ ಸಿಗುತ್ತದಾ? 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಯೋಜನಾ ನಿಯಮದಿಂದ, ಕಟ್ಟಡ ಕಟ್ಟುವ ಮೊದಲು ಉತ್ಖನನ ಬೇಕಾದರೆ ಅದರ ಖರ್ಚು ಕಟ್ಟುವವರ ತಲೆಗೇ ಬಂತು. ಹಾಗಾಗಿ ಅಗೆಯುವ ಕಂಪನಿಗಳಿವೆ, ಕೆಲಸವೂ ಇದೆ. ಆದರೆ ಗುತ್ತಿಗೆ ಜಾಸ್ತಿ, ಸಂಬಳ ಕಡಿಮೆ, ಮಳೆಯಲ್ಲೇ ನಿಲ್ಲಬೇಕು. ವೀಸಾದ ತಲೆನೋವು ಬೇರೆ.

ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಒಂದೇ ವರ್ಷದ ಕೋರ್ಸ್, ಶುಲ್ಕ ಮಾತ್ರ ದುಬಾರಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಶುಲ್ಕವಿಲ್ಲ, ಆದರೆ ಪಾಠ ಹೆಚ್ಚಾಗಿ ಜರ್ಮನ್‌ನಲ್ಲೇ. ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ಇಂಗ್ಲಿಷ್ ಸಾಕು. ಎಲ್ಲಿಗೇ ಹೋಗಿ, ಉತ್ಖನನದ ವರದಿಗಳು ಹೆಚ್ಚಾಗಿ ಆಯಾ ದೇಶದ ಭಾಷೆಯಲ್ಲೇ ಇರುತ್ತವೆ. ಅರ್ಜಿ ಹಾಕುವ ಮೊದಲು ವಿಭಾಗಕ್ಕೆ ಬರೆದು, ಲ್ಯಾಬ್ ಕೆಲಸ ಎಷ್ಟಿದೆ, ಹೊರದೇಶದವರಿಗೆ ಸ್ಕಾಲರ್‌ಶಿಪ್ ಏನಿದೆ ಅಂತ ಕೇಳಿ. ಸಾಲ ತೆಗೆದೇ ಹೋಗಬೇಕು ಅನ್ನುವಂತಿದ್ದರೆ ಒಂದು ವರ್ಷ ಕಾದು ಮತ್ತೆ ಪ್ರಯತ್ನಿಸಿ.