ಟೆರೇಸಿನ ಮೇಲೆ ಸಿಕ್ಕ ಅರ್ಧ ಮೀಟರ್

ರೈಫಲ್ ಸ್ಕೋಪಿನೊಳಗೇ (ಬಂದೂಕಿನ ಮೇಲೆ ಗುರಿ ನೋಡುವ ದುರ್ಬೀನು) ಲೇಸರ್ ಕೂರಿಸಿ ದೂರ ಅಳೆಯುವ ಉಪಕರಣಗಳನ್ನು ಪರೀಕ್ಷಿಸುವುದು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ಹೋದ ಬೇಸಿಗೆಯಲ್ಲಿ ಒಂದು ಸ್ಕೋಪ್ ಬೆಂಚಿನ ಮೇಲಿನ ಎಲ್ಲ ಪರೀಕ್ಷೆಯನ್ನೂ ದಾಟಿ ಬಂದಿತ್ತು. ಬಂದೂಕಿನ ಒದೆತಕ್ಕೆ ಸಮನಾದ ಪೆಟ್ಟು ಕೊಡುವ ಶಾಕ್ ಟೇಬಲ್ಲಿನಿಂದ ಇಳಿದ ಮೇಲೂ ದೂರವನ್ನು ಒಂದು ಮೀಟರಿನೊಳಗೆ ಸರಿಯಾಗಿ ಹೇಳುತ್ತಿತ್ತು. ಫಾರಮ್ಮಿನ ಎಲ್ಲ ಖಾನೆಗೂ ಟಿಕ್ ಬಿದ್ದಿತ್ತು.

"ತಡಿಯಮ್ಮ, ಒಂದ್ಸಲ ಟೆರೇಸ್ ಮೇಲೆ ಇಟ್ಟು ನೋಡ್ಬಿಡಾಣ," ಅಂದರು ನಮ್ಮ ಹಿರಿಯ ಟೆಕ್ನಿಷಿಯನ್.

ದೂರ ಅಳೆಯುವುದು ಈ ಯಂತ್ರಕ್ಕೆ ಅಂಥ ಕಷ್ಟವಲ್ಲ. ಬೆಳಕು ಹೋಗಿ ಬರುವ ಹೊತ್ತನ್ನು ಎಣಿಸುತ್ತದೆ. ಒಂದು ಮೀಟರಿಗೆ ಸುಮಾರು 6.7 ನ್ಯಾನೊಸೆಕೆಂಡ್. ಯಾವುದರ ದೂರ ಅನ್ನುವುದೇ ನಿಜವಾದ ಪ್ರಶ್ನೆ. ಕಣ್ಣು ಕ್ರಾಸ್‌ಹೇರ್ (ಸ್ಕೋಪಿನೊಳಗೆ ಕಾಣುವ ಗುರಿಯ ಅಡ್ಡಗೆರೆ) ಇಟ್ಟ ಕಡೆಯೇ ಲೇಸರ್ ಕೂಡ ಬೀಳಬೇಕು. ಒಂದು ಮಿಲಿರೇಡಿಯನ್ (ಕೋನದ ಒಂದು ಸಣ್ಣ ಅಳತೆ) ಆಚೀಚೆಯಾದರೆ ಕಿಲೋಮೀಟರ್ ದೂರದಲ್ಲಿ ಒಂದು ಮೀಟರ್ ಪಕ್ಕಕ್ಕೆ ಬೀಳುತ್ತದೆ. ಆಗ ಗುರಿಯ ಬದಲು ಹಿಂದಿನ ಮರದ ದೂರವನ್ನು ಅಷ್ಟೇ ಧೈರ್ಯವಾಗಿ ತೋರಿಸುತ್ತದೆ. 600 ಮೀಟರ್ ಇರುವುದನ್ನು 700 ಅಂದುಕೊಂಡು ಗುರಿಯಿಟ್ಟರೆ ಗುಂಡು ಗುರಿಯ ಮೇಲಿಂದ ಹಾದುಹೋಗುತ್ತದೆ.

ಟ್ರೈಪಾಡ್ ನಿಲ್ಲಿಸಿ, ಸುಮಾರು 600 ಮೀಟರ್ ಆಚೆಗಿನ ಅಪಾರ್ಟ್‌ಮೆಂಟಿನ ಓವರ್‌ಹೆಡ್ ಟ್ಯಾಂಕ್ ಹಿಡಿದೆವು. ಅದರ ಹಿಂದೆ ಬರೀ ಆಕಾಶ. ಲೇಸರ್ ಟ್ಯಾಂಕ್ ಬಿಟ್ಟರೆ ರೀಡಿಂಗೇ ಬರುವುದಿಲ್ಲ. ನಮ್ಮದು 1550 ನ್ಯಾನೊಮೀಟರ್ ಲೇಸರ್, ಕಣ್ಣಿನ ಮುಂಭಾಗವೇ ಹೀರಿಕೊಳ್ಳುವುದರಿಂದ ರೆಟಿನಾಗೆ ಅಪಾಯ ಕಡಿಮೆ. ಆದರೂ ಆ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡೇ ಬಟನ್ ಒತ್ತುವುದು.

ಕ್ರಾಸ್‌ಹೇರನ್ನು ಮೆಲ್ಲಗೆ ಎಡಕ್ಕೆ ಸರಿಸುತ್ತಾ ಹೋದೆ. 604, 604, 604. ಟ್ಯಾಂಕಿನ ಅಂಚು ಇನ್ನೂ ಬಂದಿರಲಿಲ್ಲ, ಅಷ್ಟರಲ್ಲೇ ಅಂಕಿ ಮಾಯ. ಬಲಕ್ಕೆ ಬಂದರೆ ತದ್ವಿರುದ್ಧ: ಕ್ರಾಸ್‌ಹೇರ್ ಆಕಾಶಕ್ಕೆ ಇಳಿದಿದೆ, ಪರದೆ ಇನ್ನೂ 604 ಅನ್ನುತ್ತಿದೆ.

"ಬೀಮಿಗೂ ದಪ್ಪ ಇರುತ್ತಮ್ಮ. ಒಂದೇ ಅಂಚು ನಂಬ್ಬೇಡ, ಎರಡೂ ಕಡೆ ಬರ್ಕೊಂಡು ಮಧ್ಯ ತಗೋ," ಅಂದರು. ಹಾಗೆ ಲೆಕ್ಕ ಹಾಕಿದಾಗ ಲೇಸರ್ 0.8 ಮಿಲಿರೇಡಿಯನ್ ಎಡಕ್ಕಿತ್ತು. ಟ್ಯಾಂಕಿನ ಹತ್ತಿರ ಅದು ಅರ್ಧ ಮೀಟರ್.

ಶಾಕ್ ಟೇಬಲ್ಲಿಗೆ ಹಾಕುವ ಮೊದಲು ಕಾಲಿಮೇಟರಿನಲ್ಲಿ (ಬೆಂಚಿನ ಮೇಲೇ ದೂರದ ಗುರಿಯಂತೆ ಕಾಣಿಸುವ ಉಪಕರಣ) ಲೇಸರ್, ಕ್ರಾಸ್‌ಹೇರ್ ಎರಡೂ ಕೂಡಿಯೇ ಇದ್ದವು. ಬಿಚ್ಚಿದರೆ ಲೇಸರಿನ ಮುಂದಿನ ಲೆನ್ಸ್ ಹಿಡಿದಿದ್ದ ರಿಂಗ್ ಸಡಿಲ. 50 ಮಿ.ಮೀ. ಫೋಕಲ್ ಲೆಂಗ್ತಿನ ಲೆನ್ಸ್ 0.04 ಮಿ.ಮೀ. ಜರುಗಿದರೆ ಸಾಕು, ಇಷ್ಟಾಗುತ್ತದೆ. ತಲೆಗೂದಲಿನ ದಪ್ಪವೂ ಇಲ್ಲ ಅದು.

ಕೊಳ್ಳುವವರು ಕೇಳುವುದು "ಎಷ್ಟು ದೂರ ಅಳೆಯುತ್ತೆ, ಎಷ್ಟು ಮೀಟರ್ ತಪ್ಪು" ಅಂತ. ಪೆಟ್ಟು ತಿಂದ ಮೇಲೂ ಲೇಸರ್ ಕ್ರಾಸ್‌ಹೇರಿನ ಜೊತೆಗೇ ಇದೆಯಾ ಅಂತ ಮೊದಲು ಕೇಳಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನಂಥ 900 ಮೀಟರ್ ಎತ್ತರದ ಊರಲ್ಲಿ ತೆಳುವಾದ ಗಾಳಿಯಿಂದ ಗುಂಡಿನ ಹಾದಿಯಲ್ಲಾಗುವ ವ್ಯತ್ಯಾಸವನ್ನು ಒತ್ತಡದ ಸೆನ್ಸರ್ ಸರಿಪಡಿಸಬಹುದು, ಪಕ್ಕದಿಂದ ಬೀಸುವ ಗಾಳಿಯನ್ನು ಶೂಟರ್ ಅಂದಾಜು ಮಾಡಿಯಾನು. ಬೇರೆ ವಸ್ತುವಿನ ದೂರ ಕೈಗೆ ಕೊಟ್ಟರೆ ಅವನಾದರೂ ಏನು ಮಾಡಬೇಕು?

ರಿಂಗ್ ಬಿಗಿದು, ಅಂಟು ಹಾಕಿ, ಒಣಗಿಸಿ ಮತ್ತೆ ಶಾಕ್ ಟೇಬಲ್ಲಿಗೆ ಕೊಟ್ಟೆವು. ಈ ಸಲ ಎರಡೂ ಅಂಚಿನಲ್ಲಿ ರೀಡಿಂಗ್ ಸಮನಾಗಿ ನಿಂತಿತು. ಅಂಚಿನ ಪರೀಕ್ಷೆಗೆ ಫಾರಮ್ಮಿನಲ್ಲಿ ಖಾನೆಯೇ ಇರಲಿಲ್ಲವಲ್ಲ, ಕೆಳಗೆ ಎರಡು ಗೆರೆ ಎಳೆದು 'ಎಡ', 'ಬಲ' ಅಂತ ಬರೆದು ಅಂಕಿ ತುಂಬಿದೆ. ಈಗ ಪ್ರತಿ ಸ್ಕೋಪಿಗೂ ಅವೆರಡು ಖಾನೆ ತುಂಬಿಯೇ ಸಹಿ ಹಾಕುವುದು.